ಒಣ ಚಟ್ಲಿ ಹುಡುಕಿಕೊಟ್ಟ ವ್ಯಾಪಾರಿ

ಹರಿಣಾಕ್ಷಿಯ ಬಗ್ಗೆ ನಾಲ್ಕು ಪುಟ ಬರೆಯುತ್ತೇನೆ ಎಂದಾಗ ನನ್ನ ಹೆಂಡತಿ ವನಮಾಲಾ ಅಡುಗೆಮನೆಯಿಂದಲೇ ಕೂಗಿ ಹೇಳಿದಳು: “ಬರೂದಾರೆ ಆ ಬೆಂಗ್ಳೂರ್ ಬಸ್ಸಿನ್ ವಾಸ್ನೆ ಬಿಡ್ಬೇಡಿ ಮತ್ತೆ. ನಿಮ್ಮ್ ಅಂಗಿ ತೊಳ್ದ್ ತೊಳ್ದ್ ನನ್ ಕೈ ಸೋತಿತ್.”

ಬಿಡುವುದಿಲ್ಲ. ಆ ವಾಸನೆ ಇಲ್ಲದಿದ್ದರೆ ಈ ಕಥೆಯೂ ಇಲ್ಲ, ನನ್ನ ಕೊರಿಯರ್ ಆಫೀಸೂ ಇರುತ್ತಿರಲಿಲ್ಲ.

ನಾನು ಕಮಲಾಕ್ಷ ಐತಾಳ. ಊರು ಕೋಟ. ಮನೆಯಲ್ಲಿ ಹಿಂದಿನಿಂದಲೂ ದೇವಸ್ಥಾನದ ಕೆಲಸ. ನನಗೆ ಮಂತ್ರ ಬಾಯಿಗೆ ಹತ್ತಲಿಲ್ಲ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇತ್ತು. “ನೀನ್ ದೇವ್ರ್ ಎದ್ರ್ ನಿಂತ್ರೆ ದೇವ್ರೇ ಎದ್ದ್ ಹೋತ್ರ್” ಎಂದು ಅಪ್ಪಯ್ಯ ಹೇಳಿದ ಮೇಲೆ ನಾನು ಬೈಂದೂರಿಗೆ ಬಂದು ಒಂದು ಕೊರಿಯರ್ ಕಂಪನಿಯ ಶಾಖೆ ತೆಗೆದುಕೊಂಡೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ, ಒಂದು ಮೇಜು, ಒಂದು ಹಳೇ ಓಮ್ನಿ ವ್ಯಾನು. ಬೈಂದೂರಿಗೆ ಬರುವುದು ಬೇಕಾದಷ್ಟಿತ್ತು: ಬ್ಯಾಂಕಿನ ಕಾರ್ಡು, ಇಂಟರ್‌ವ್ಯೂ ಕಾಗದ, ದುಬೈಯಿಂದ ಬಂದ ವೀಸಾ. ಬೈಂದೂರಿನಿಂದ ಹೊರಗೆ ಹೋಗುವುದು ಅಂತ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹೀಗೇ ಆದರೆ ಶಾಖೆ ಮುಚ್ಚಬೇಕಾಗುತ್ತದೆ ಎಂದು ಕಂಪನಿಯವರು ಆಗಾಗ ಫೋನು ಮಾಡಿ ನೆನಪಿಸುತ್ತಿದ್ದರು. ಅವರಿಗೂ ನಾನು ಬೈದೇ ಉತ್ತರ ಕೊಡುತ್ತಿದ್ದೆ.

2012ರ ಮಳೆಗಾಲ ಮುಗಿಯುತ್ತಾ ಬಂದ ಒಂದು ದಿನ ಹರಿಣಾಕ್ಷಿ ಬಂದಳು. ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು, ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ ಹಿಡಿದು, ಬಾಗಿಲಲ್ಲೇ ನಿಂತು ಕೇಳಿದಳು.

“ಹ್ವಾಯ್, ಅಸ್ಸಾಮಿಗ್ ಪಾರ್ಸೆಲ್ ಹೋತ್ತಾ?”

“ಅಸ್ಸಾಮಿಗ್ ಎಂತ ಕಳ್ಸುದ್ ನೀನ್? ಮೀನಾ?” ಎಂದೆ.

“ಮೀನಲ್ಲ ಮಾರಾಯ್ರೆ, ಲೈಟ್. ತಲೆಗ್ ಕಟ್ಕಂಬು ಲೈಟ್.”

ನನ್ನ ಮಾತಿಗೆ ಅವಳು ಬೇಸರ ಮಾಡಿಕೊಳ್ಳಲಿಲ್ಲ. ಪೆಟ್ಟಿಗೆ ಬಿಚ್ಚಿ ತೋರಿಸಿದಳು. ಹಣೆಗೆ ಪಟ್ಟಿ ಕಟ್ಟಿಕೊಂಡು ಎರಡೂ ಕೈ ಖಾಲಿ ಇಟ್ಟುಕೊಂಡು ಕೆಲಸ ಮಾಡುವವರ ಟಾರ್ಚು ಅದು. ಅಸ್ಸಾಮಿನ ಯಾವನೋ ಇಂಟರ್ನೆಟ್ಟಿನಲ್ಲಿ ನೋಡಿ, ಉಪ್ಪುಂದದ ಇವಳಿಂದ ಕೊಂಡಿದ್ದ. ನಾನು ವಿಳಾಸವನ್ನು ಎರಡೆರಡು ಸಲ ಓದಿದೆ. ಆ ಶಾಖೆ ತೆರೆದಂದಿನಿಂದ ಅಷ್ಟು ದೂರಕ್ಕೆ ನಾನು ರಶೀದಿ ಹರಿದದ್ದೇ ಇಲ್ಲ.

ಆಮೇಲಾಮೇಲೆ ಅವಳು ವಾರಕ್ಕೊಮ್ಮೆ ಬರತೊಡಗಿದಳು. ಬಂದವಳು ಪಾರ್ಸೆಲ್ ತೂಗುವ ಹೊತ್ತಿನಲ್ಲಿ ಅಷ್ಟಿಷ್ಟು ಮಾತಾಡುತ್ತಿದ್ದಳು. ಹಾಗೆ ನನಗೆ ಗೊತ್ತಾದ ಅವಳ ಬದುಕು ಇದು.

ಹುಟ್ಟಿದ್ದು ಉಪ್ಪುಂದದ ಕಡಲ ಬದಿಯ ಮೀನುಗಾರರ ಮನೆಯಲ್ಲಿ. ಅಪ್ಪ ಕೈರಂಪಣಿಗೆ ಹೋಗುತ್ತಿದ್ದವನು. ಕೈರಂಪಣಿ ಎಂದರೆ ದಡದಿಂದಲೇ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಹೋಗಿ ಬಲೆ ಸುತ್ತಿ ಬಂದ ಮೇಲೆ ಊರವರೆಲ್ಲ ಎರಡು ಸಾಲಾಗಿ ನಿಂತು ಹಗ್ಗ ಎಳೆಯುತ್ತಾರೆ. ಅಮ್ಮ ಪುಷ್ಪ ಬೆಳಗಿನ ಬಸ್ಸಿನಲ್ಲಿ ಮೀನಿನ ಬುಟ್ಟಿ ಹೊತ್ತು ವಂಡ್ಸೆ ಕಡೆಗೆ ಹೋಗಿ ಮನೆಮನೆಗೆ ಮಾರುತ್ತಿದ್ದಳು. ಅಪ್ಪ ಬೇಗ ತೀರಿಕೊಂಡ. 1997ರಲ್ಲಿ, ಏಳನೇ ಕ್ಲಾಸು ಮುಗಿಸಿದ ಹರಿಣಾಕ್ಷಿಯನ್ನು ಚಿಕ್ಕಮ್ಮ ಬೊಂಬಾಯಿಗೆ ಕರೆದುಕೊಂಡು ಹೋದಳು. ಕೊಂಕಣ ರೈಲಿನ ಹಳಿ ಆಗಿನ್ನೂ ಪೂರ್ತಿ ಕೂಡಿರಲಿಲ್ಲ, ಹೋದದ್ದು ಬಸ್ಸಿನಲ್ಲಿ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡೆ ಎಂದು ಅವಳು ಈಗಲೂ ನಗುತ್ತಾಳೆ.

ಅಲ್ಲಿ ಒಂದು ಶೆಡ್ಡಿನಲ್ಲಿ ಎಮರ್ಜೆನ್ಸಿ ಲೈಟು ಜೋಡಿಸುವ ಕೆಲಸ. ಉದ್ದನೆಯ ಮೇಜು, ಸಾಲಾಗಿ ಕೂತ ಹುಡುಗಿಯರು, ಬೆಸುಗೆಯ ಹೊಗೆ. ಹಿಂದಿಯನ್ನೂ ಮರಾಠಿಯನ್ನೂ ಅವಳು ಕಲಿತದ್ದು ಆ ಮೇಜಿನಲ್ಲೇ. ನಮ್ಮ ಕಡೆಯ ಶಂಕರನಾರಾಯಣ ಊರಿನ ಯತೀಶ ಅದೇ ಬೀದಿಯ ಕ್ಯಾಂಟೀನಿನಲ್ಲಿ ದೋಸೆ ಹುಯ್ಯುತ್ತಿದ್ದ. ಊರಿನ ಭಾಷೆ ಕಿವಿಗೆ ಬಿದ್ದಲ್ಲಿ ಕಾಲು ನಿಲ್ಲುತ್ತದಲ್ಲ, ಹಾಗೆ ಪರಿಚಯವಾಗಿ ಮದುವೆಯಾಯಿತು, ಮೋಕ್ಷಿತಾ ಹುಟ್ಟಿದಳು. ಮಗು ಶಾಲೆಗೆ ಸೇರುವ ವಯಸ್ಸಿಗೆ ಬರುವಾಗ ಅವರು ಇದ್ದ ಚಾಳನ್ನು ಕೆಡವಿದರು. ಬೇರೆ ಕೋಣೆ ಹಿಡಿಯುವ ತಾಕತ್ತು ಇರಲಿಲ್ಲ. ಯತೀಶ ಕ್ಯಾಂಟೀನಿನಲ್ಲೇ ಮಲಗತೊಡಗಿದ, ಹರಿಣಾಕ್ಷಿ ಮಗಳೊಂದಿಗೆ ಉಪ್ಪುಂದಕ್ಕೆ ಬಂದಳು. ಅಲ್ಲಿಂದ ಮುಂದೆ ಗಂಡ ವರ್ಷಕ್ಕೊಮ್ಮೆ ರಜೆಯಲ್ಲಿ ಬಂದುಹೋಗುವ ಜನವಾದ.

“ನೆಂಟ್ರ್ ಬಂದಾಂಗ್ ಬತ್ರ್ ಐತಾಳ್ರೆ. ಮಗ್ಳಿಗ್ ಅಪ್ಪ ಅಂದ್ರೆ ಒಂದ್ ಟ್ರಂಕ್, ಒಂದ್ ಪ್ಯಾಕೆಟ್ ಚಾಕಲೇಟ್. ಅಷ್ಟೇ,” ಎಂದಳು ಒಂದು ದಿನ. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದಳು.

ಅವಳ ಲೈಟಿನ ವ್ಯಾಪಾರ ಹುಟ್ಟಿದ್ದೇ ಇದಕ್ಕಾಗಿ. ಊರಲ್ಲಿ ಯತೀಶನಿಗೂ ಕೆಲಸವಾಗುವಷ್ಟು ದೊಡ್ಡದಾಗಿ ಏನಾದರೂ ನಿಲ್ಲಬೇಕು. ಅವಳು ಗಡುವೂ ಹಾಕಿಕೊಂಡಿದ್ದಳು. ಮುಂದಿನ ಜೂನಿಗೆ ಶಾಲೆ ಶುರುವಾಗುವುದರೊಳಗೆ ಗಂಡ ಇಲ್ಲಿಗೆ ಬರಬೇಕು, ಇಲ್ಲದಿದ್ದರೆ ಇದನ್ನೆಲ್ಲ ಮುಚ್ಚಿ, ಮಗಳನ್ನು ಕರೆದುಕೊಂಡು ತಾನೇ ಬೊಂಬಾಯಿಗೆ ಹೋಗಿ, ಮತ್ತೆ ಅದೇ ಶೆಡ್ಡಿನ ಮೇಜಿಗೆ ಕೂರುವುದು. ಅವಳಿಗೆ ಕಡಲು ಬಿಟ್ಟು ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಆದರೆ ಎರಡು ಕಡೆ ಒಲೆ ಉರಿಸುವ ಬದುಕು ಇನ್ನು ಸಾಕು ಎಂದು ತೀರ್ಮಾನಿಸಿಬಿಟ್ಟಿದ್ದಳು.

ಒಂದು ಹಳೇ ಕಂಪ್ಯೂಟರು, ಗಾಳಿ ಬೀಸಿದರೆ ಸಾಯುವ ಇಂಟರ್ನೆಟ್ಟು, ಕುಂದಾಪುರಕ್ಕೆ ಹತ್ತಾರು ಸಲ ಅಲೆದು ಮಾಡಿಸಿದ ತೆರಿಗೆಯ ನಂಬರು, ಇಷ್ಟು ಅವಳ ಬಂಡವಾಳ. ದೊಡ್ಡ ಆನ್‌ಲೈನ್ ಮಾರುಕಟ್ಟೆಯವರು ಆಗಷ್ಟೇ ಸಣ್ಣ ವ್ಯಾಪಾರಿಗಳಿಗೂ ಬಾಗಿಲು ತೆರೆದಿದ್ದರು. ಲೈಟಿನ ಫೋಟೋ ಹಾಕಿದಳು, ಗಿರಾಕಿಗಳು ಬಂದರು. ತೊಂದರೆ ಇದ್ದದ್ದು ಮಾಲಿನಲ್ಲಿ. ಬ್ರಹ್ಮಾವರದ ಒಂದು ಅಂಗಡಿಯಿಂದ ಚಿಲ್ಲರೆ ರೇಟಿಗೆ ಕೊಂಡು ತಂದು ಅವಳು ಮಾರುತ್ತಿದ್ದಳು. ಅದರಲ್ಲಿ ಅಂಗಡಿಯವನಿಗೆ ಲಾಭ, ಮಾರುಕಟ್ಟೆಯ ಕಂಪನಿಗೆ ಲಾಭ, ಕೊರಿಯರಿನವನಾದ ನನಗೂ ಲಾಭ. ಅವಳಿಗೆ ಉಳಿಯುತ್ತಿದ್ದದ್ದು ಟೇಪಿನ ಸುರುಳಿಯ ರಟ್ಟು ಮಾತ್ರ.

ಹೋಲ್‌ಸೇಲಿನವರನ್ನು ಇಂಟರ್ನೆಟ್ಟಿನಲ್ಲೇ ಹುಡುಕಿದಳು. ತನ್ನ ನಂಬರು ಕೊಟ್ಟದ್ದೇ ತಡ, ಫೋನಿನ ಮಳೆ. ಒಬ್ಬ ಸಾವಿರ ಪೀಸಿಗಿಂತ ಕಡಿಮೆ ಕೊಡುವುದಿಲ್ಲ ಎಂದ. ಒಬ್ಬ ಮೊದಲು ಪೂರ್ತಿ ಹಣ ಹಾಕು ಎಂದ. ಇನ್ನೊಬ್ಬ ಮಾದರಿಗೆಂದು ಕಳಿಸಿದ ಲೈಟು ಕಣ್ಣು ಕೋರೈಸುವಂತಿತ್ತು. ಅದನ್ನು ನಂಬಿ ಒಂದು ಪೆಟ್ಟಿಗೆ ತರಿಸಿದರೆ ಅದರಲ್ಲಿ ಮಿಣುಕು ಹುಳದಷ್ಟೂ ಬೆಳಕಿಲ್ಲದ ಬೇರೆಯೇ ಮಾಲು. ಅವನಿಗೆ ನನ್ನ ಆಫೀಸಿನಿಂದಲೇ ಫೋನು ಮಾಡಿ ನನಗೆ ಬರುವ ಹಿಂದಿಯಲ್ಲಿ ನಾನು ಚೆನ್ನಾಗಿ ಬೈದೆ. ಹರಿಣಾಕ್ಷಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಎಂತಕ್ ನಗಾಡುದ್?”

“ನೀವ್ ಅವ್ನಿಗ್ ಬೈದದ್ದಲ್ಲ ಐತಾಳ್ರೆ, ಆಶೀರ್ವಾದ ಮಾಡ್ದಾಂಗ್ ಆಯ್ತ್.”

ಹಾಗೆ ನಕ್ಕವಳು ಮನೆಗೆ ಹೋಗಿ ಅತ್ತಳಂತೆ. ಇದನ್ನು ನನಗೆ ಹೇಳಿದ್ದು ಪುಷ್ಪ.

ಅಷ್ಟರಲ್ಲಿ 2013ರ ಮಾರ್ಚ್ ಬಂದಿತ್ತು. ಕುಂದಾಪುರದಲ್ಲಿ ಟಿವಿ ರಿಪೇರಿ ಮಾಡುವ ನನ್ನ ಭಾವಮೈದ ಬೆಂಗಳೂರಿನ ಎಸ್.ಪಿ. ರೋಡಿನ ಒಬ್ಬ ಸಾಹುಕಾರರಿಂದ ಸಾಮಾನು ತರಿಸುತ್ತಿದ್ದ. “ಬಾರೀ ಒಳ್ಳೆ ಜನ ಬಾವ. ನಾನ್ ಫೋನ್ ಮಾಡಿಡ್ತೆ, ಅವ್ಳಿಗ್ ಹೋಪುಕೆ ಹೇಳಿ” ಎಂದ. ನನಗೂ ಕಂಪನಿಯ ಬೆಂಗಳೂರಿನ ಆಫೀಸಿಗೆ ಹೋಗಿ ಶಾಖೆ ಮುಚ್ಚಬೇಡಿ ಎಂದು ಹೇಳಿಬರುವುದಿತ್ತು. ಹೀಗೆ ಇಬ್ಬರೂ ಒಂದೇ ಬಸ್ಸಿಗೆ ಹೊರಟೆವು.

ಬಸ್ಸು ಹೊರಡುವ ಹೊತ್ತಿಗೆ ಪುಷ್ಪ ಏದುಸಿರು ಬಿಡುತ್ತಾ ಬಂದು ಮಗಳ ಕೈಗೊಂದು ಬಟ್ಟೆಯ ಚೀಲ ಕೊಟ್ಟಳು. “ದೊಡ್ಡ್ ಯಾಪಾರಸ್ಥರ್ ಹತ್ರ ಬರೀ ಕೈಯಗ್ ಹೋಪುಕಾಗ ಮಗಾ. ಇದ್ ಸಾವ್ಕಾರ್ರಿಗ್ ಕೊಡ್” ಎಂದಳು. ಯಾರದೇ ಮನೆಗೆ ಮೊದಲ ಸಲ ಹೋಗುವಾಗ, ಯಾರ ಹತ್ತಿರವೇ ಕೆಲಸ ಕೇಳಿಕೊಂಡು ಹೋಗುವಾಗ, ಇದ್ದುದರಲ್ಲಿ ಒಳ್ಳೆಯದನ್ನು ಒಯ್ದು ಕೊಡುವುದು ಅವರ ಕ್ರಮ. ಹರಿಣಾಕ್ಷಿಯ ಮಡಿಲಲ್ಲಿ ಲೈಟಿನ ಪೆಟ್ಟಿಗೆ ಇತ್ತಾದ್ದರಿಂದ ಚೀಲ ನನ್ನ ಸೀಟಿನ ಕೆಳಗೆ ಬಂತು.

ಘಾಟಿ ಹತ್ತುವಾಗ ವಾಸನೆ ಶುರುವಾಯಿತು. ನಾನು ಕಂಡಕ್ಟರನನ್ನು ಕರೆದು, ಬಸ್ಸಿಗೆ ಮೀನು ಹಾಕಿಕೊಂಡದ್ದಕ್ಕೆ ಜೋರು ಮಾಡಿದೆ. ಅವನು ಯಾವ ಮೀನೂ ಇಲ್ಲ ಎಂದ. ನನ್ನ ಮೂಗು ಸುಳ್ಳು ಹೇಳುತ್ತದಾ ಎಂದು ನಾನು, ನೀವೇ ಹುಡುಕಿ ಎಂದು ಅವನು. ಹರಿಣಾಕ್ಷಿ ಎದುರಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಬೆಳಿಗ್ಗೆ ಇಳಿಯುವಾಗ ಚೀಲ ಎತ್ತಿ ಕೊಡಲು ಹೋದವನಿಗೆ ಮೂಗಿಗೇ ಹೊಡೆಯಿತು.

“ಇದ್ ಎಂತದೆ?”

“ಒಣ ಚಟ್ಲಿ. ಅಮ್ಮ ಮನೆ ಎದ್ರ್ ಚಾಪೆ ಮೇಲ್ ಒಣ್ಸದ್ದ್. ಪ್ಯಾಟಿ ಬದಿಯಗ್ ಹೀಂಗಿದ್ದ್ ಸಿಕ್ಕುದಿಲ್ಲೆ.”

ಚಟ್ಲಿ ಎಂದರೆ ಸಿಗಡಿ. ಒಣಗಿಸಿದ ಸಣ್ಣ ಸಿಗಡಿ ಕರಾವಳಿಯ ಮೀನು ತಿನ್ನುವ ಮನೆಗಳಲ್ಲಿ ಮಳೆಗಾಲದ ನಿಧಿ. ಸಾಹುಕಾರರು ಯಾವ ಜನ, ಏನು ತಿನ್ನುತ್ತಾರೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಭಾವಮೈದ ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಯಾವಾಗಲೂ ಸಾವ್ಕಾರ್ರು, ಸಾವ್ಕಾರ್ರು. ನಮ್ಮ ಮನೆಯೊಂದು ಬಿಟ್ಟು ಲೋಕವೆಲ್ಲ ಮೀನು ತಿನ್ನುತ್ತದೆ ಎಂದುಕೊಂಡಿದ್ದ ನಾನು ಸುಮ್ಮನೆ ಮೂಗಿಗೆ ಕರವಸ್ತ್ರ ಹಿಡಿದು ನಡೆದೆ.

ಸಾಹುಕಾರರು ನಿಜವಾಗಿಯೂ ಒಳ್ಳೆಯವರು. ಬಿಳಿ ಜುಬ್ಬಾ ಹಾಕಿ ಗಾದಿಯ ಮೇಲೆ ಕೂತಿದ್ದರು. ನಮ್ಮನ್ನು ಕೂರಿಸಿ ಚಹಾ ತರಿಸಿದರು. ಅವಳು ಹಿಂದಿಯಲ್ಲಿ ತನ್ನ ವ್ಯಾಪಾರದ ವಿಷಯ ಹೇಳಿದಳು. ಅವರು ಎರಡು ಮೂರು ಬಗೆಯ ಲೈಟು ತರಿಸಿ ತೋರಿಸಿದರು. ರೇಟು ಕೇಳಿ ಅವಳ ಕಣ್ಣು ಅರಳಿತು. ಬ್ರಹ್ಮಾವರದ ಅಂಗಡಿಯ ಅರ್ಧಕ್ಕೆ ಸ್ವಲ್ಪ ಹೆಚ್ಚು ಅಷ್ಟೆ. ಕಡಿಮೆ ಪೀಸು ಕೊಡುವುದಕ್ಕೂ ಅವರು ಒಪ್ಪಿದರು. ಎಲ್ಲ ಮಾತೂ ಮುಗಿಯಿತು. ಹರಿಣಾಕ್ಷಿ ಎದ್ದು ನಿಂತು, ಎರಡೂ ಕೈಯಲ್ಲಿ ಆ ಚೀಲವನ್ನು ಅವರ ಗಾದಿಯ ಮೇಲಿಟ್ಟಳು.

ಗೋಡೆಯ ಮೇಲಿದ್ದ ತೀರ್ಥಂಕರರ ಪಟ ಅವಳ ಕಣ್ಣಿಗೆ ಬಿದ್ದದ್ದು ಆಗ. ಬೊಂಬಾಯಿಯಲ್ಲಿ ಅಷ್ಟು ವರ್ಷ ಇದ್ದವಳಿಗೆ ಆ ಪಟ ನೋಡಿದ ಕೂಡಲೇ ಇವರು ಜೈನರೆಂದು ತಿಳಿಯಿತು. ಕೈ ಚಾಚಿದಳು, ತಡವಾಗಿತ್ತು. ಊರಿನ ಸಿಹಿತಿಂಡಿ ಇರಬೇಕೆಂದು ಸಾಹುಕಾರರು ನಗುನಗುತ್ತಾ ಚೀಲದ ಗಂಟು ಬಿಚ್ಚಿಯೇಬಿಟ್ಟಿದ್ದರು. ಒಳಗಿದ್ದ ಪ್ಲಾಸ್ಟಿಕ್ಕು ಬಸ್ಸಿನಲ್ಲೆಲ್ಲೋ ಹರಿದಿತ್ತು. ಚಟ್ಲಿ ಗಾದಿಯ ತುಂಬ ಹರಡಿತು.

“ಯೇ ಕ್ಯಾ ಹೈ! ಬಾಹರ್! ಬಾಹರ್ ಲೇ ಜಾಓ!”

ಅವರು ಹಾರಿ ನಿಂತರು. ಕೆಲಸದವರು ಓಡಿ ಬಂದರು. ಒಬ್ಬ ಊದಿನಕಡ್ಡಿ ಹಚ್ಚಿದ, ಒಬ್ಬ ಗಾದಿಯ ಬಟ್ಟೆ ಕಿತ್ತ, ಒಬ್ಬ ನಮ್ಮನ್ನು ಬಾಗಿಲ ಕಡೆಗೆ ತಳ್ಳಿದ. ಹರಿಣಾಕ್ಷಿ ನೆಲದಲ್ಲಿ ಕೂತು, ಮಾಫ್ ಕರೋ ಸೇಠ್‌ಜಿ, ಮಾಫ್ ಕರೋ ಎನ್ನುತ್ತಾ ಒಂದೊಂದೇ ಚಟ್ಲಿ ಹೆಕ್ಕಿದಳು. ತನ್ನ ಶಾಲಿನಿಂದ ನೆಲ ಒರೆಸಿದಳು. ನಾನೂ ಸಾಹುಕಾರರಿಗೆ ಎರಡು ಮಾತು ಎದುರಾಡಿದೆ. ಅದರಿಂದ ಏನೂ ಸುಧಾರಿಸಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಹೊರಗೆ ಬಂದು ಆ ಕಟ್ಟಡದ ಮೆಟ್ಟಿಲಿನ ಬುಡದಲ್ಲಿ ಕೂತೆವು. ಅವಳು ಚೀಲವನ್ನು ಎದೆಗವಚಿಕೊಂಡಿದ್ದಳು.

“ಮುಗೀತ್ ಐತಾಳ್ರೆ. ಇನ್ನ್ ಎಲ್ಲ್ ಹುಡ್ಕುದ್? ಜೂನಿಗ್ ನಾನ್ ಬೊಂಬಾಯಿಗೇ ಹೋಪ್ದ್.”

ಆ ಹೆಣ್ಣು ಊರು ಬಿಟ್ಟು ಹೋಗುತ್ತಾಳೆ ಎಂದು ನೆನೆದು ನನಗೆ ತುಂಬಾ ಸಂಕಟವಾಯಿತು. ನನ್ನ ಶಾಖೆಯ ಚಿಂತೆ ಆ ಹೊತ್ತಿಗೆ ತಲೆಯಲ್ಲೇ ಇರಲಿಲ್ಲ.

ಆಗ ಮೇಲಿನಿಂದ ಯಾರೋ ಮೆಟ್ಟಿಲಿಳಿದು ಬರುವ ಸದ್ದಾಯಿತು. ಬನಿಯನ್ನಿನ ಮೇಲೆ ಮಸಿ ಬಡಿದ, ಕನ್ನಡಕ ಹಣೆಗೇರಿಸಿದ ಒಬ್ಬ ಮನುಷ್ಯ ಅರ್ಧ ಮೆಟ್ಟಿಲಿನಲ್ಲಿ ನಿಂತು ಗಾಳಿಯನ್ನು ಮೂಸಿದ.

“ಹೇ ಸುಕಟ ಕುಣಾಚಂ?”

ಈ ಒಣ ಸಿಗಡಿ ಯಾರದ್ದು ಎಂದು ಮರಾಠಿಯಲ್ಲಿ ಕೇಳಿದ್ದು. ಇನ್ನೊಬ್ಬ ಜಗಳಕ್ಕೆ ಬಂದ ಎಂದು ನಾನು ಅಂಗಿಯ ತೋಳು ಮಡಚಿದೆ. ಹರಿಣಾಕ್ಷಿ ತಲೆ ಎತ್ತಿ, “ಮಾಝಂ” ಎಂದಳು, ನನ್ನದು ಎಂದು. ಆತ ಇಳಿದು ಬಂದು ಚೀಲಕ್ಕೆ ಕೈ ಹಾಕಿ, ಒಂದು ಚಟ್ಲಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಜಗಿದ. ಆಮೇಲೆ ಅದೇ ಮೆಟ್ಟಿಲಿನಲ್ಲಿ ನಮ್ಮ ಪಕ್ಕ ಕೂತುಬಿಟ್ಟ.

ಆತ ದತ್ತಾರಾಮ ತಾಂಡೇಲ. ಮಹಾರಾಷ್ಟ್ರದ ಮಾಲವಣದ ಕಡಲ ಬದಿಯವನು. ಬೆಂಗಳೂರಿಗೆ ಬಂದು ಬಹಳ ವರ್ಷವಾಗಿತ್ತು. ಸಾಹುಕಾರರ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವನದ್ದೊಂದು ಕಾರ್ಖಾನೆ: ಬಿಡಿಭಾಗ ತರಿಸಿ ಟಾರ್ಚು, ಚಾರ್ಜರು, ಎಮರ್ಜೆನ್ಸಿ ಲೈಟು ಜೋಡಿಸಿ ಅಂಗಡಿಗಳಿಗೆ ಸಗಟಿನಲ್ಲಿ ಕೊಡುತ್ತಿದ್ದ. ಸಾಹುಕಾರರು ತೋರಿಸಿದ ಲೈಟುಗಳಲ್ಲಿ ಒಂದು ಇವನ ಮಾಳಿಗೆಯಿಂದಲೇ ಇಳಿದು ಬಂದದ್ದು.

ನಮ್ಮನ್ನು ಮೇಲೆ ಕರೆದುಕೊಂಡು ಹೋದ. ಉದ್ದನೆಯ ಮೇಜು, ಬೆಸುಗೆಯ ಹೊಗೆ ನೋಡಿ ಹರಿಣಾಕ್ಷಿ ತನ್ನ ಬೊಂಬಾಯಿಯ ಶೆಡ್ಡನ್ನು ನೆನೆದಳು. ಇಬ್ಬರೂ ಮರಾಠಿಯಲ್ಲಿ ಮಾತಿಗೆ ಕೂತರು. ನನಗೆ ಆಮೇಲೆ ಅವಳು ಬಿಡಿಸಿ ಹೇಳಿದಳು. ಅವನ ರೇಟು ಸಾಹುಕಾರರದ್ದಕ್ಕಿಂತಲೂ ಕಡಿಮೆ. ಆದರೆ ಅವನು ಕೊಡುವುದು ದೊಡ್ಡ ದೊಡ್ಡ ಲಾಟು, ಅದೂ ಮುಂಗಡಕ್ಕೆ. ಅಷ್ಟು ಶಕ್ತಿ ನನಗಿಲ್ಲ ಎಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಆಗುವುದಿಲ್ಲ ಎಂದು ತಲೆ ಆಡಿಸಿದ. ಚಟ್ಲಿ ಬೇರೆ, ವ್ಯಾಪಾರ ಬೇರೆ ಎಂಬಂತಿತ್ತು.

ಆಗ ಹರಿಣಾಕ್ಷಿ ವ್ಯಾಪಾರ ಬಿಟ್ಟು ಬೇರೇನೋ ಕೇಳಿದಳು. ನಿಮ್ಮ ಕಡೆ ದಡದಿಂದ ಎಳೆಯುವ ಬಲೆ ಇದೆಯಾ ಎಂದು. ಇಲ್ಲದೆ ಏನು, ರಾಪಣ ಎನ್ನುತ್ತೇವೆ, ನಮ್ಮಪ್ಪ ಎಳೆಯುತ್ತಿದ್ದ ಎಂದ ತಾಂಡೇಲ. ನಿಮ್ಮಲ್ಲಿ ಪಾಲು ಹೇಗೆ ಎಂದು ಕೇಳಿದಳು. ಬಲೆಯವನಿಗೆ ಬಲೆಯ ಪಾಲು, ದೋಣಿಗೆ ದೋಣಿಯ ಪಾಲು, ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಒಂದೊಂದು ಪಾಲು. ಮೀನು ಬಿದ್ದರೆ ಎಲ್ಲರಿಗೂ, ಬೀಳದಿದ್ದರೆ ಯಾರಿಗೂ ಇಲ್ಲ.

“ನಮ್ಮಲ್ಲೂ ಹಾಂಗೇ,” ಎಂದಳಂತೆ ಹರಿಣಾಕ್ಷಿ. “ಬಲೆ ನಿಮ್ಮದು. ನನಗೆ ಅದನ್ನು ಮಾರಬೇಡಿ. ಹಗ್ಗ ನಾನು ಎಳೆಯುತ್ತೇನೆ. ಮಾಲು ಕಳಿಸಿ, ಮಾರಿದಷ್ಟಕ್ಕೆ ಪಾಲು ಮಾಡುವ. ಮಾರದೆ ಉಳಿದದ್ದು ನಿಮ್ಮ ಹತ್ತಿರಕ್ಕೆ ವಾಪಸು ಬರುತ್ತದೆ, ಕೊರಿಯರಿನವರು ಇಲ್ಲೇ ಕೂತಿದ್ದಾರೆ.”

ತಾಂಡೇಲ ಕನ್ನಡಕ ತೆಗೆದು ಬನಿಯನ್ನಿನಲ್ಲಿ ಒರೆಸಿದ. ಆಮೇಲೆ ನನ್ನನ್ನು ನೋಡಿ ಹಿಂದಿಯಲ್ಲಿ, ಈ ಹೆಣ್ಣುಮಗಳು ಹೇಗೆ ಎಂದು ಕೇಳಿದ. ಉತ್ತರ ಕೊಡಲು ನನಗೆ ಅಷ್ಟು ಹಿಂದಿ ಬೇಕಾಗಿರಲಿಲ್ಲ. “ಅಚ್ಛಾ. ಬಹುತ್ ಅಚ್ಛಾ” ಎಂದೆ. ಅವನು ನಕ್ಕು, ಮೇಜಿನ ಕಡೆಗೆ ತಿರುಗಿ ಪೆಟ್ಟಿಗೆ ಕಟ್ಟಲು ಹೇಳಿದ.

ಹೊರಡುವಾಗ ಕೆಳಗಿನ ಸಾಹುಕಾರರು ಬಾಗಿಲಲ್ಲಿ ನಿಂತಿದ್ದರು. ಸ್ನಾನ ಮಾಡಿ ಬೇರೆ ಜುಬ್ಬಾ ಹಾಕಿದ್ದರು. ಹರಿಣಾಕ್ಷಿ ಮತ್ತೆ ಕೈ ಮುಗಿದಳು. ಅವರು ದೂರದಿಂದಲೇ, ಬೇಸರ ಮಾಡಿಕೊಳ್ಳಬೇಡ ಬೇಟಿ, ವೈರು ಬೇಕಾದರೆ ಫೋನು ಮಾಡು, ಇಲ್ಲಿಗೆ ಬರಬೇಡ ಎಂದರು. ಅವರ ಮೇಲೆ ನನಗೀಗ ಯಾವ ಸಿಟ್ಟೂ ಇಲ್ಲ. ಅವರು ನಮ್ಮನ್ನು ಹೊರಗೆ ಹಾಕದಿದ್ದರೆ ನಾವು ಆ ಮೆಟ್ಟಿಲಿನಲ್ಲಿ ಕೂರುತ್ತಿರಲಿಲ್ಲ. ದೀಪಾವಳಿಗೆ ಅವರಿಗೆ ಇಂದಿಗೂ ಕೋಟದಿಂದ ಗೋಡಂಬಿ ಕಳಿಸುವವನು ನಾನೇ.

ಮಾಲು ಬಂತು. ಮಾರಾಟವೂ ಆಯಿತು, ನಾವು ಎಣಿಸಿದ್ದಕ್ಕಿಂತ ಜೋರಾಗಿ. ಅಸ್ಸಾಮಿನ ಚಹಾ ತೋಟ, ರಾಜಸ್ಥಾನದ ಕಲ್ಲುಕೋರೆ, ಕೇರಳದ ರಬ್ಬರು ಮರದ ಹಾಲು ತೆಗೆಯುವವರು, ಎಲ್ಲಿಂದೆಲ್ಲಿಂದಲೋ ಆರ್ಡರು. ಉಪ್ಪುಂದದ ಆ ಮನೆಯ ಜಗುಲಿಯಲ್ಲಿ ಪುಷ್ಪ ಕಾಲು ಚಾಚಿ ಕೂತು ಪೆಟ್ಟಿಗೆ ಮಡಚುತ್ತಿದ್ದಳು. ಕುತ್ತಿಗೆ ನೋವಿನಿಂದ ಬುಟ್ಟಿ ಹೊರುವುದು ಕಷ್ಟವಾಗಿದ್ದ ಅವಳಿಗೆ ಈ ಕೆಲಸ ಬಹಳ ಹಿಡಿಸಿತು. ಪಕ್ಕದ ಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಹರಿಣಾಕ್ಷಿ ಯಾರನ್ನೂ ಸಂಬಳಕ್ಕೆ ಇಟ್ಟುಕೊಳ್ಳಲಿಲ್ಲ. ರಂಪಣಿಯ ಹಾಗೆಯೇ ಪಾಲು ಮಾಡಿದಳು, ಮಾಲು ಕಳಿಸಿದ ತಾಂಡೇಲನಿಗೆ ಬಲೆಯ ಪಾಲು, ಕೈ ಹಾಕಿದವರಿಗೆಲ್ಲ ಕೈಯ ಪಾಲು. ನನ್ನ ವನಮಾಲೆಗೂ ಒಂದು ಲೈಟು ಬಂತು, ಅಂಗಿ ತೊಳೆದದ್ದಕ್ಕೆ. ನನ್ನ ಆಫೀಸಿನಲ್ಲಿ ಕಾಲಿಡಲು ಜಾಗ ಇಲ್ಲದಾಯಿತು. ಶಾಖೆ ಮುಚ್ಚುವ ಮಾತಾಡುತ್ತಿದ್ದವರು ಫೋನು ಮಾಡಿ, ಐತಾಳರೇ ಇನ್ನೊಂದು ವ್ಯಾನು ಬೇಕಾ ಎಂದು ಕೇಳಿದರು. ಆ ದಿನ ನಾನು ಯಾರಿಗೂ ಬೈಯಲಿಲ್ಲ ಎಂದು ವನಮಾಲಾ ಸಾಕ್ಷಿ ಹೇಳುತ್ತಾಳೆ.

ಎಲ್ಲ ಸರಿ, ಯತೀಶ ಮಾತ್ರ ಒಪ್ಪುತ್ತಿರಲಿಲ್ಲ. ಮೇ ತಿಂಗಳಲ್ಲಿ ಒಂದು ದಿನ ಅವಳು ನನ್ನ ಆಫೀಸಿನಲ್ಲಿ ಪಾರ್ಸೆಲ್ ತೂಗಿಸುತ್ತಿದ್ದಾಗ ಅವನ ಫೋನು ಬಂತು. ಎರಡೂ ಕೈಯಲ್ಲಿ ಪೆಟ್ಟಿಗೆ ಇದ್ದುದರಿಂದ ಸ್ಪೀಕರಿಗೆ ಹಾಕಿದಳು.

“ಕಂಪ್ಯೂಟರ್ ನಂಬ್ಕಂಡ್ ಕ್ಯಾಂಟೀನ್ ಬಿಡುದ್ ಹ್ಯಾಂಗೆ? ದೀಪಾವಳಿ ಕಳೀಲಿ, ಕಾಂಬ. ನಂಗ್ ದೋಸೆ ಹುಯ್ಯುದ್ ಬಿಟ್ರೆ ಎಂತ ಬತ್ತ್? ಅಲ್ಲ್ ಬಂದ್ ಎಂತ ಮಾಡುದ್ ನಾನ್?” ಎಂದ.

“ಹಗ್ಗಕ್ಕೆ ಇನ್ನೊಂದ್ ಕೈ ಬೇಕ್,” ಎಂದಳು ಹರಿಣಾಕ್ಷಿ. “ಜೂನಿಗ್ ಶಾಲೆ ಶುರು. ನೀವ್ ಬರ್ಕ್, ಇಲ್ದಿರೆ ಇದೆಲ್ಲ ಮುಚ್ಚಿ ನಾವ್ ಬಪ್ದ್. ದೀಪಾವಳಿ ಎಲ್ಲ ಬ್ಯಾಡ. ನಂಗ್ ಮೂರ್ ಜನ ಒಟ್ಟಿಗ್ ಕೂತ್ ಉಂಬುಕ್ ಆಯ್ಕ್.”

ಆ ಕಡೆ ಕ್ಯಾಂಟೀನಿನ ಲೋಟಗಳ ಸದ್ದು ಮಾತ್ರ ಕೇಳುತ್ತಿತ್ತು. ಫೋನು ಕಡಿಯಿತು. ಅವಳು ಉಳಿದ ಪೆಟ್ಟಿಗೆಗಳನ್ನು ತೂಕಕ್ಕೆ ಇಟ್ಟಳು. ತಾಂಡೇಲನ ಮಾಲು, ಜಗುಲಿಯ ಹೆಂಗಸರು, ತುಂಬಿ ತುಳುಕುವ ನನ್ನ ಆಫೀಸು, ಇಷ್ಟೆಲ್ಲ ಆದ ಮೇಲೂ ಅವಳು ಹೊರಟೇ ಹೋಗುವವಳು ಎಂದು ನನಗೆ ಗೊತ್ತಿತ್ತು. ಆಡಿದ ಮಾತಿಗೆ ತಪ್ಪುವ ಹೆಣ್ಣಲ್ಲ ಅವಳು.

ಮೇ ಕೊನೆಯ ವಾರ ಯತೀಶನಿಂದ ಸುದ್ದಿ ಬಂತು, ನಾಳೆಯ ರೈಲಿಗೆ ಬರುತ್ತೇನೆ ಎಂದು. ಅಷ್ಟೇ. ರಜೆಗೋ, ಕರೆದುಕೊಂಡು ಹೋಗುವುದಕ್ಕೋ, ಇರುವುದಕ್ಕೋ ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಕಳಿಸಲೇಬೇಕಾದ ಆರ್ಡರು ಬಹಳ ಇದ್ದುದರಿಂದ ಸ್ಟೇಷನ್ನಿಗೆ ನಾನೇ ಓಮ್ನಿ ಒಯ್ದೆ. ಸಪೂರ ಆಳು, ಮೆದು ಮಾತು. ಟ್ರಂಕನ್ನು ವ್ಯಾನಿನ ಹಿಂದೆ ಪೆಟ್ಟಿಗೆಗಳ ನಡುವೆ ತುರುಕಿ ಮುಂದೆ ಕೂತ. ಸ್ವಲ್ಪ ದೂರ ಬಂದ ಮೇಲೆ ಹಿಂದೆ ತಿರುಗಿ ನೋಡಿದ.

“ಇದೆಲ್ಲ ಅವ್ಳ್ದೇ ಅಂಬ್ರಾ ಐತಾಳ್ರೆ?”

“ಇವತ್ತಿಂದ್ ಮಾತ್ರ. ನಿನ್ನೆದ್ದ್ ನಿನ್ನೆ ಹೋಯ್ತ್,” ಎಂದೆ.

ಮನೆ ತಲುಪಿದಾಗ ಜಗುಲಿಯಲ್ಲಿ ಹೆಂಗಸರೆಲ್ಲ ಇದ್ದರು. ಹರಿಣಾಕ್ಷಿ ಪೆಟ್ಟಿಗೆಗಳ ನಡುವೆ ಕೂತಿದ್ದಳು. ಒಮ್ಮೆ ತಲೆ ಎತ್ತಿ ಗಂಡನನ್ನು ನೋಡಿ, ಮತ್ತೆ ಟೇಪು ಹಚ್ಚತೊಡಗಿದಳು. ಯತೀಶ ಟ್ರಂಕನ್ನು ಬಾಗಿಲ ಪಕ್ಕ ಇಟ್ಟು ಮೆಟ್ಟಿಲಿನಲ್ಲಿ ಕೂತ. ಎಂಟು ವರ್ಷದ ಮೋಕ್ಷಿತಾ ಒಳಗಿನಿಂದ ಚೊಂಬಿನಲ್ಲಿ ನೀರು ತಂದು, ಬಂದವರಿಗೆ ಕೊಡುವಂತೆ ಎರಡೂ ಕೈಯಲ್ಲಿ ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಕಾದು ಕೇಳಿದಳು.

“ಅಪ್ಪ, ಯಾವತ್ತ್ ಹೋಪ್ದ್?”

ಹರಿಣಾಕ್ಷಿಯ ಕೈಯಲ್ಲಿ ಟೇಪು ಹಾಗೇ ನಿಂತಿತು. ಪುಷ್ಪ ಸೆರಗು ಬಾಯಿಗೆ ಹಿಡಿದಳು. ಯತೀಶ ಚೊಂಬನ್ನು ಕೆಳಗಿಟ್ಟು ಮಗಳ ಮುಖ ನೋಡಿದ. ನೋಡಿ ನೋಡಿ ಅವನ ಕಣ್ಣು ತುಂಬಿತು.

“ಹೋಪ್ದಿಲ್ಲೆ ಮಗಾ. ಕ್ಯಾಂಟೀನ್ ಬಿಟ್ಟ್ ಬಂದೆ.”

ಮಗುವಿಗೆ ನಂಬಿಕೆ ಬರಲಿಲ್ಲ. ಅಜ್ಜಿಯನ್ನು ನೋಡಿತು, ಅಮ್ಮನನ್ನು ನೋಡಿತು. ಕೊನೆಗೆ ಅಂಗಳದಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, “ಹೌದಾ ಐತಾಳ್ರೆ?” ಎಂದಿತು.

ಇಷ್ಟು ದೊಡ್ಡ ಮಾತಿಗೆ ಆ ಮಗು ನನ್ನ ಸಾಕ್ಷಿ ಕೇಳಿತಲ್ಲ, ಅದಕ್ಕೆ ನಾನು ಸಾಯುವವರೆಗೂ ಋಣಿ. “ಹೌದ್” ಎಂದೆ.

ಮೋಕ್ಷಿತಾ ಬಾಗಿಲ ಬಳಿ ಹೋದಳು. ಅಪ್ಪನ ಟ್ರಂಕಿನ ಹಿಡಿಗೆ ಎರಡೂ ಕೈ ಹಾಕಿ, ಬಲವೆಲ್ಲ ಹಾಕಿ ಎಳೆದು, ಹೊಸಿಲು ದಾಟಿಸಿ ಒಳಗಿನ ಕೋಣೆಗೆ ಒಯ್ದಳು.